ಕುರಿಗಾಹಿಗಳ ಜಾಡಿನಲ್ಲಿ ಚಾರಣಿಗರು

ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ, ಚಿಲಿ ದೇಶದ ಮಗಲ್ಯಾನೆಸ್ ಪ್ರಾಂತದಲ್ಲಿರುವ ಟೋರೆಸ್ ಡೆಲ್ ಪಾಯ್ನೆ ರಾಷ್ಟ್ರೀಯ ಉದ್ಯಾನವು ಇಂದು ಜಗತ್ತಿನ ಚಾರಣಿಗರೆಲ್ಲ ಬಲ್ಲ ಹೆಸರಾಗಿದೆ. ನೆಟ್ಟಗೆ ನಿಂತ ಮೂರು ಗ್ರಾನೈಟ್ ಶಿಖರಗಳು, ನೀಲಿ ಹಿಮನದಿಗಳು, ಗಂಟೆಗೆ 100 ಕಿಲೋಮೀಟರು ಮೀರಿ ಬೀಸುವ ಗಾಳಿ ಇವುಗಳಿಂದಾಗಿ ಈ ನಾಡನ್ನು ಮನುಷ್ಯರ ಸೋಂಕಿಲ್ಲದ ಪ್ರದೇಶವೆಂದು ಬಣ್ಣಿಸುವುದು ರೂಢಿ. ಆದರೆ ಇಲ್ಲಿನ ಸಾಹಸ ಪ್ರವಾಸವು ಬೆಳೆದುಬಂದ ಬಗೆಯನ್ನು ನೋಡಿದರೆ, ಕುದುರೆ ಮತ್ತು ಕುರಿಗಳೊಂದಿಗೆ ಬಾಳಿದವರ ತಿಳಿವಳಿಕೆಯೇ ಅದರ ತಳಪಾಯವೆಂಬುದು ಮನವರಿಕೆಯಾಗುತ್ತದೆ.

ಈ ಬಯಲುಗಳ ಹಳೆಯ ನಿವಾಸಿಗಳಾದ ಆವೊನಿಕೆಂಕ್ ಜನರು, ಒಂಟೆಯ ಬಳಗಕ್ಕೆ ಸೇರಿದ ಗ್ವಾನಾಕೊ ಎಂಬ ಪ್ರಾಣಿಯನ್ನು ಬೇಟೆಯಾಡಿ, ಅದರ ತೊಗಲನ್ನೇ ಹೊದ್ದು, ಅದರಿಂದಲೇ ಡೇರೆ ಕಟ್ಟಿಕೊಂಡು, ಋತುಮಾನಕ್ಕೆ ತಕ್ಕಂತೆ ನೆಲೆ ಬದಲಿಸುತ್ತಿದ್ದ ಅಲೆಮಾರಿಗಳು. 1877ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಂದ ಕುರಿಗಳು ಮಗಲ್ಯಾನೆಸ್‌ಗೆ ಬಂದಿಳಿದ ಮೇಲೆ, ಎಸ್ಟಾನ್ಸಿಯಾ ಎಂದು ಕರೆಯಲಾಗುವ ವಿಶಾಲವಾದ ಕುರಿಸಾಕಣೆಯ ಜಮೀನುಗಳು ಒಂದರ ಪಕ್ಕ ಒಂದು ಹಬ್ಬಿ, ಬೇಟೆಯ ಬಯಲುಗಳಿಗೆ ಬೇಲಿ ಬಿದ್ದಿತು. ನೆಲ ಕಳೆದುಕೊಂಡು, ಹೊಸ ರೋಗಗಳಿಗೂ ಮದ್ಯಕ್ಕೂ ತುತ್ತಾಗಿ ಆ ಜನಾಂಗವು ಕರಗಿಹೋದದ್ದು ಈ ಚರಿತ್ರೆಯ ಅತ್ಯಂತ ನೋವಿನ ಭಾಗ. ಎಸ್ಟಾನ್ಸಿಯಾಗಳ ದುಡಿಮೆಗೆ ಚಿಲೊಯೆ ದ್ವೀಪದ ಬಡವರು ಬಂದರು. ಆ ಜಮೀನುಗಳ ಉಣ್ಣೆ ಮತ್ತು ಮಾಂಸವನ್ನು ಸಾಗಿಸುವ ಬಂದರಾಗಿ 1911ರಲ್ಲಿ ಹುಟ್ಟಿದ ಪ್ಯುಯೆರ್ಟೊ ನಾತಾಲೆಸ್ ಎಂಬ ಊರೇ ಇಂದು ಉದ್ಯಾನದ ಹೆಬ್ಬಾಗಿಲು.

ಕಣಿವೆ, ಹೊಳೆಗಳ ಗುರುತನ್ನು ಮನಸ್ಸಿನಲ್ಲೇ ಇಟ್ಟುಕೊಂಡು ದಾರಿ ತೋರಬಲ್ಲ ಕುದುರೆ ಸವಾರನಿಗೆ ಇಲ್ಲಿ ಬಕೆಯಾನೊ ಎಂದು ಹೆಸರು. ಬ್ರಿಟನ್ನಿನ ಲೇಡಿ ಫ್ಲಾರೆನ್ಸ್ ಡಿಕ್ಸಿ 1878-79ರಲ್ಲಿ ಈ ಶಿಖರಗಳವರೆಗೆ ಸವಾರಿ ಮಾಡಿ, 1880ರಲ್ಲಿ ಪ್ರವಾಸ ಕಥನವನ್ನು ಪ್ರಕಟಿಸಿದ್ದು ಇಂತಹ ಬಕೆಯಾನೊಗಳ ನೆರವಿನಿಂದಲೇ. ವ್ಯಾಪಾರಕ್ಕಾಗಲಿ ನೆಲಕ್ಕಾಗಲಿ ಅಲ್ಲದೆ, ಕೇವಲ ನೋಡುವ ಆಸೆಯಿಂದ ಇಲ್ಲಿಗೆ ಬಂದ ಮೊದಲಿಗರಲ್ಲಿ ಆಕೆ ಒಬ್ಬಳು.

ಆಮೇಲೆ ಬಂದವರು ಪರ್ವತಾರೋಹಿಗಳು. 1958ರಲ್ಲಿ ಗಿಡೊ ಮೊಂಜಿನೊ ನೇತೃತ್ವದ ಇಟಲಿಯ ತಂಡವು ಆ ಮೂರು ಶಿಖರಗಳ ಪೈಕಿ ಉತ್ತರ ಗೋಪುರವನ್ನೂ, 1963ರ ಜನವರಿಯಲ್ಲಿ ಕ್ರಿಸ್ ಬಾನಿಂಗ್ಟನ್ ಮತ್ತು ಡಾನ್ ವಿಲನ್ಸ್ ನಡುವಣ ಗೋಪುರವನ್ನೂ ಏರಿದರು. ಇಟಾಲಿಯಾನೊ, ಬ್ರಿಟಾನಿಕೊ ಎಂಬ ಶಿಬಿರಗಳ ಹೆಸರುಗಳು ಇಂತಹ ಆರೋಹಿ ತಂಡಗಳನ್ನು ನೆನಪಿಸುತ್ತವೆ. ಈ ನಡುವೆ 1959ರಲ್ಲಿ ಚಿಲಿ ಸರ್ಕಾರವು ಉದ್ಯಾನವನ್ನು ಸ್ಥಾಪಿಸಿತು. ಮುಂದೆ ಅಕ್ಕಪಕ್ಕದ ಎಸ್ಟಾನ್ಸಿಯಾಗಳ ನೆಲವೂ, ಮೊಂಜಿನೊ ದಾನವಾಗಿತ್ತ ಸುಮಾರು 12,000 ಹೆಕ್ಟೇರುಗಳೂ ಸೇರಿ ಅದು ಹಿಗ್ಗಿತು.

ನಡೆಯುವವರ ದಾರಿಯೊಂದು ರೂಪುಗೊಂಡದ್ದು 1976ರಲ್ಲಿ. ಜಾನ್ ಗಾರ್ನರ್ ಎಂಬ ಬ್ರಿಟಿಷ್ ಆರೋಹಿಯೂ, ಪೆಪೆ ಅಲಾರ್ಕಾನ್ ಮತ್ತು ಆಸ್ಕರ್ ಗಿನೆಯೊ ಎಂಬ ಉದ್ಯಾನದ ಇಬ್ಬರು ಕಾವಲುಗಾರರೂ ಸೇರಿ ಪಾಯ್ನೆ ಪರ್ವತಸ್ತೋಮವನ್ನು ಸುತ್ತಿಬರುವ ಜಾಡನ್ನು ತೆರೆದರು. ಇಂದು ‘ಓ’ ಎಂದು ಕರೆಯಲಾಗುವ ಈ ಸುತ್ತುದಾರಿಗೆ ವಾರವೊಂದಾದರೂ ಬೇಕು. ದಕ್ಷಿಣದ ಕಣಿವೆಗಳನ್ನಷ್ಟೇ ಹೊಕ್ಕು ಬರುವ ‘ಡಬ್ಲ್ಯೂ’ ಎಂಬ ದಾರಿಗೆ ನಾಲ್ಕೈದು ದಿನ ಸಾಕು. ‘ಓ’ ದಾರಿಯಲ್ಲಿ ಸಿಗುವ ಸುಮಾರು 1,200 ಮೀಟರು ಎತ್ತರದ ಕಣಿವೆದಾರಿಗೆ ಗಾರ್ನರ್‌ನ ಹೆಸರಿದೆ. ಜೊತೆಗಿದ್ದ ಇಬ್ಬರು ಚಿಲಿಯನ್ನರಿಗೆ ಅಷ್ಟು ಪ್ರಸಿದ್ಧಿ ದೊರೆಯಲಿಲ್ಲ, ದೊರೆಯಬೇಕಿತ್ತು. ದಾರಿಯ ತಂಗುಮನೆಗಳಿಗೆ ಈಗಲೂ ಪಿಲ್ಚೆರೊ ಎಂಬ ಹೇರುಗುದುರೆಗಳ ಮೇಲೆ ದಿನಸಿ ಹೊತ್ತೊಯ್ಯುವವರು ಬಕೆಯಾನೊಗಳು. ಕಬ್ಬಿಣದ ಶಿಲುಬೆಗೆ ಬಿಗಿದು ಕೆಂಡದ ಬದಿಯಲ್ಲಿ ತಾಸುಗಟ್ಟಲೆ ಬೇಯಿಸಿದ ಕುರಿಮರಿಯ ಮಾಂಸ, ಒಂದೇ ಸೋರೆಬುರುಡೆಯಿಂದ ಸರದಿಯಂತೆ ಹೀರುವ ಮಾತೆ ಎಂಬ ಎಲೆಯ ಕಷಾಯ, ಇವೆರಡೂ ಎಸ್ಟಾನ್ಸಿಯಾದ ಅಂಗಳದಿಂದಲೇ ಪ್ರವಾಸಿಗರ ಬಳಿಗೆ ಬಂದವು.

ಆದರೆ ಬೆಂಕಿಯ ವಿಷಯದಲ್ಲಿ ಪ್ರವಾಸವು ಈ ನೆಲಕ್ಕೆ ದೊಡ್ಡ ಹಾನಿಯನ್ನೇ ಮಾಡಿದೆ. 2005ರಲ್ಲಿ ಪ್ರವಾಸಿಯೊಬ್ಬನ ಒಲೆಯಿಂದ ಹೊತ್ತಿದ ಕಿಚ್ಚು, ಮತ್ತೆ 2011ರ ಕೊನೆಯಲ್ಲಿ ಎದ್ದ ಇನ್ನೊಂದು ಕಿಚ್ಚು ತಲಾ 15,000 ಹೆಕ್ಟೇರಿನಷ್ಟೋ ಅದಕ್ಕೂ ಮಿಗಿಲೋ ಆದ ಹುಲ್ಲುಗಾವಲು, ಕಾಡುಗಳನ್ನು ಸುಟ್ಟವು. ಗಾಳಿಯ ಈ ನಾಡಿನಲ್ಲಿ ಲೆಂಗಾ ಮರಗಳು ಮತ್ತೆ ಬೆಳೆದು ನಿಲ್ಲಲು ಹಲವು ದಶಕಗಳು ಬೇಕು. ಬಯಲಿನಲ್ಲಿ ಬೆಂಕಿ ಹೊತ್ತಿಸುವುದು ಈಗ ಸಂಪೂರ್ಣ ನಿಷಿದ್ಧ.

ಅತ್ಯಂತ ಗಮನಾರ್ಹ ಬದಲಾವಣೆ ಕಂಡದ್ದು ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕಿನ ಪಾಡಿನಲ್ಲಿ. ಕುರಿ ಹಿಡಿಯುವ ಪ್ಯೂಮಾವನ್ನು ಕೊಲ್ಲಲು ಎಸ್ಟಾನ್ಸಿಯಾಗಳು ಲಿಯೊನೆರೊ ಎಂಬ ಬೇಟೆಗಾರರನ್ನು ಇಟ್ಟುಕೊಂಡಿದ್ದವು. ಹೆಜ್ಜೆಗುರುತು ಹಿಡಿದು ಹೋಗುವ ಅದೇ ವಿದ್ಯೆಯಿಂದ ಅವರಲ್ಲಿ ಕೆಲವರು ಈಗ ಛಾಯಾಗ್ರಾಹಕರನ್ನು ಪ್ಯೂಮಾದ ಸಮೀಪಕ್ಕೆ ಕರೆದೊಯ್ಯುತ್ತಾರೆ. ಆದರೂ ಉದ್ಯಾನದ ಗಡಿಯಾಚೆಯ ಜಮೀನುಗಳಲ್ಲಿ ಕುರಿಗಳು ಸಾಯುವುದು ನಿಂತಿಲ್ಲ. ಪ್ಯೂಮಾವನ್ನು ತೋರಿಸಿ ಗಳಿಸಿದ ಹಣದ ಪಾಲು ಕುರಿ ಕಳೆದುಕೊಂಡವರಿಗೂ ಮುಟ್ಟದಿದ್ದರೆ, ಅವರು ಬದಿಗಿಟ್ಟ ಬಂದೂಕು ಮತ್ತೆ ಕೈಗೆ ಬರದೆ ಇರದು.