ಬಿದಿರು ಮೆಳೆಗಳಲ್ಲಿ ಹಾನಿಗೊಂಡ ಕಳಲೆಗಳ ನಿರ್ವಹಣೆ

ಮುಂಗಾರು ಮಳೆಯೊಂದಿಗೆ ಬಿದಿರು ಮೆಳೆಗಳಲ್ಲಿ ಕಳಲೆಗಳು ಮೂಡುತ್ತವೆ. ಪಂಚಾಯಿತಿ ಉದ್ಯಾನ, ಶಾಲಾ ಆವರಣ ಹಾಗೂ ಹಿತ್ತಿಲುಗಳಲ್ಲಿ ದನಕರು, ಮಂಗ, ಕಾಡುಹಂದಿ ಮತ್ತು ಗಾಳಿಯಿಂದ ಇವು ಹಾನಿಗೊಳ್ಳುವುದುಂಟು. ಹಾನಿಗೊಂಡುದೆಲ್ಲವನ್ನೂ ಕಡಿದುಹಾಕುವುದಾಗಲಿ, ಹಾಗೆಯೇ ಬಿಡುವುದಾಗಲಿ ಸೂಕ್ತವಲ್ಲ.

ಕುಡಿ ಮುರಿದ ಕಳಲೆಯು ಮತ್ತೆ ಎತ್ತರಕ್ಕೆ ಬೆಳೆಯುವುದಿಲ್ಲ. ಆದರೆ ಉಳಿದ ಭಾಗವು ಹಸಿರಾಗಿ ಗಟ್ಟಿಯಾಗಿದ್ದಲ್ಲಿ, ಗಿಣ್ಣುಗಳಿಂದ ಕೊಂಬೆ ಮತ್ತು ಎಲೆ ಹೊರಟು ಬೇರುಗಡ್ಡೆಗೆ ಆಹಾರ ಒದಗಿಸಬಲ್ಲದು. ಮುಂದಿನ ವರ್ಷದ ಕಳಲೆಗಳಿಗೆ ಈ ಸಂಗ್ರಹವೇ ಆಧಾರ. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು:

1. ಗಟ್ಟಿಯಾಗಿರುವ ಕಳಲೆಯನ್ನು ಮುರಿದ ಜಾಗದ ಕೆಳಗಿನ ಗಿಣ್ಣಿಗೆ ಹೊಂದಿಕೊಂಡಂತೆ, ಅದರ ಮೇಲ್ಭಾಗದಲ್ಲಿ ಹರಿತವಾದ ಕತ್ತಿಯಿಂದ ಕತ್ತರಿಸುವುದು. ಗಿಣ್ಣಿನ ಮೇಲೆ ಟೊಳ್ಳು ಉಳಿದರೆ ಮಳೆನೀರು ನಿಂತು ಕೊಳೆ ಆರಂಭವಾಗುತ್ತದೆ, ಸೊಳ್ಳೆಗಳೂ ಮರಿಮಾಡುತ್ತವೆ.

2. ಮೆತ್ತಗಾಗಿ ಕಂದುಬಣ್ಣಕ್ಕೆ ತಿರುಗಿದ, ದುರ್ವಾಸನೆ ಬೀರುವ ಅಥವಾ ಹುಳು ಕೊರೆದ ಕಳಲೆಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಮೆಳೆಯಿಂದ ದೂರ ಸಾಗಿಸಿ ನಾಶಪಡಿಸುವುದು.

3. ಕಳಲೆ ಹೊರಡುವ ಮಳೆಗಾಲದಲ್ಲಿ ಬಲಿತ ಗಳಗಳ ಕಟಾವು ಮಾಡದಿರುವುದು. ಒಂದು ಮತ್ತು ಎರಡು ವರ್ಷದ ಗಳಗಳನ್ನು ಉಳಿಸಿಕೊಳ್ಳುವುದು.

4. ಮೆಳೆಯ ಬುಡಕ್ಕೆ ಮಣ್ಣು ಏರಿಸಿ, ಸುತ್ತಲೂ ಮುಳ್ಳುಬೇಲಿ ಹಾಕಿಸುವುದು.

ತಾಜಾ ಇರುವಾಗಲೇ ಮುರಿದ ಕಳಲೆಯನ್ನು ಅಡುಗೆಗೆ ಬಳಸುವವರು, ಅದರಲ್ಲಿ ಸಹಜವಾಗಿರುವ ವಿಷಾಂಶ ನೀಗಲು ಹೆಚ್ಚಿ, ಪ್ರತಿದಿನ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಬೇಕು. ಕೊಳೆತದ್ದನ್ನು ಬಳಸಬಾರದು.

ಸದಸ್ಯರು ಮಳೆಗಾಲದುದ್ದಕ್ಕೂ ತಮ್ಮ ವ್ಯಾಪ್ತಿಯ ಮೆಳೆಗಳ ಪರಿಶೀಲನೆಗೆ ಕ್ರಮ ವಹಿಸುವುದು. ಈ ವರ್ಷ ಉಳಿಸಿದ ಹಸಿರೇ ಮುಂದಿನ ವರ್ಷದ ಗಳ.