ಹಳೆಯ ಯೆಜ್ಡಿ: ಎಂಜಿನ್ನಿಗಿಂತ ಮೊದಲು ಬ್ರೇಕು

ವರ್ಷಾಂತ್ಯದ ದಾಸ್ತಾನು ತಪಾಸಣೆಗೆಂದು ಪೀಣ್ಯದ ಶೆಡ್ ಒಂದಕ್ಕೆ ಹೋಗಿದ್ದೆ. ಕಚ್ಚಾ ಮಾಲಿನ ರಾಶಿಯ ಹಿಂದೆ ತಾಡಪಾಲಿನಡಿ ಯೆಜ್ಡಿ ಮೋಟಾರ್‌ಸೈಕಲ್ ಒಂದು ನಿಂತಿತ್ತು. ಮಾಲೀಕರ ತಂದೆಯವರು ಆರಂಭದ ದಿನಗಳಲ್ಲಿ ಆರ್ಡರು ಹಿಡಿಯಲು ಓಡಾಡಿದ ವಾಹನವದು. ಸಂಸ್ಥೆಯ ಪುಸ್ತಕದಲ್ಲಿ ಸವಕಳಿ ಕಳೆದು ಅದರ ಬೆಲೆ ಒಂದು ರೂಪಾಯಿಗೆ ಇಳಿದಿತ್ತು. ಎಂಜಿನ್ ಚಾಲೂ ಮಾಡಿಸಿದ್ದ ಮಾಲೀಕರು ಅಂದೇ ಸಂಜೆ ತುಮಕೂರು ರಸ್ತೆಗೆ ಇಳಿಸುವ ಉತ್ಸಾಹದಲ್ಲಿದ್ದರು. ಮುಂದಿನ ಬ್ರೇಕಿನ ಹಿಡಿಯನ್ನು ಒತ್ತಿ ನೋಡಿದೆ. ಅದು ಸಲೀಸಾಗಿ ಹ್ಯಾಂಡಲ್ಲಿಗೆ ತಾಗಿತು.

“ಎಂಜಿನ್ನೇ ಸರಿಯಾಯಿತಲ್ಲ ಸಾರ್, ಬ್ರೇಕು ಯಾವ ಮಹಾ?” ಎಂದರು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಡಿ ಉತ್ಪಾದನೆ ಆರಂಭಿಸಿತು. 1973ರಿಂದ ಯೆಜ್ಡಿ ಹೆಸರನ್ನು ತಳೆದು, 1996ರಲ್ಲಿ ಬಾಗಿಲು ಮುಚ್ಚಿತು. ಆ ವಾಹನಗಳ ಎರಡು ಸ್ಟ್ರೋಕಿನ ಎಂಜಿನ್, ಆಕ್ಸಿಲರೇಟರ್ ಬಿಟ್ಟಾಗ ವೇಗವನ್ನು ಹೆಚ್ಚು ತಗ್ಗಿಸುವುದಿಲ್ಲ. ನಿಲ್ಲಿಸುವ ಹೊಣೆ ಬಹುಪಾಲು ಡ್ರಮ್ ಬ್ರೇಕಿನದೇ.

ದೀರ್ಘಕಾಲ ನಿಂತ ವಾಹನದಲ್ಲಿ ಡ್ರಮ್ಮಿನ ಒಳಮೈಗೆ ತುಕ್ಕು ಹಿಡಿಯುತ್ತದೆ. ಗ್ರೀಸು ಗಟ್ಟಿಯಾಗಿ, ಶೂಗಳನ್ನು ಅಗಲಿಸುವ ಕ್ಯಾಮ್ ಬಿಗಿದುಕೊಳ್ಳುತ್ತದೆ. ಕೇಬಲ್ಲಿನ ಎಳೆಗಳು ಕವಚದೊಳಗೇ ತುಂಡಾಗುತ್ತವೆ. ಬಿಚ್ಚುವಾಗಿನ ಮೊದಲ ಎಚ್ಚರಿಕೆ ದೂಳಿನದು. ಆ ಕಾಲದ ಲೈನಿಂಗ್‌ನಲ್ಲಿ ಕಲ್ನಾರು ಇರುವ ಸಂಭವವುಂಟು. ಆದ್ದರಿಂದ ಕಂಪ್ರೆಸರ್ ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡತಕ್ಕದ್ದು.

ಮೇಲ್ಮೈ ತುಕ್ಕಾದರೆ ಎಮೆರಿ ಕಾಗದ ಸಾಕು. ಗುಳಿ ಬಿದ್ದಿದ್ದರೆ ಅಥವಾ ದುಂಡು ಕೆಟ್ಟಿದ್ದರೆ, ಡ್ರಮ್ಮಿನ ದಪ್ಪ ನೋಡಿಕೊಂಡು ಲೇತಿನಲ್ಲಿ ತೆಳುವಾಗಿ ಹೆರೆಸಬೇಕು. ಕಡ್ಡಿಗಳ ಬಿಗಿತದಿಂದ ಡ್ರಮ್ಮಿನ ದುಂಡು ತುಸು ಬದಲಾಗುವುದರಿಂದ, ಟೈರನ್ನಷ್ಟೇ ಕಳಚಿ ರಿಮ್ಮಿನ ಸಮೇತ ಚಕ್ರವನ್ನು ಲೇತಿಗೆ ಕಟ್ಟುವುದು ಸರಿಯಾದ ಕ್ರಮ. ಅಷ್ಟು ಅಗಲದ ಕೆಲಸ ಹಿಡಿಯುವ ಲೇತ್ ಪೀಣ್ಯದಲ್ಲಿ ದುರ್ಲಭವಲ್ಲ. ಬಳಿಕ ಶೂಗಳಿಗೆ ಕಲ್ನಾರಿಲ್ಲದ ಲೈನಿಂಗ್ ಹಾಕಿಸಿ, ಹೊಸ ವ್ಯಾಸಕ್ಕೆ ಹೊಂದಿಸಿ, ಸ್ಪ್ರಿಂಗ್ ಮತ್ತು ಕೇಬಲ್ ಬದಲಿಸಬೇಕು. ಕ್ಯಾಮ್‌ಗೆ ಶಾಖ ತಡೆಯುವ ಗ್ರೀಸು ಅತ್ಯಲ್ಪವಾಗಿರಲಿ. ಲೈನಿಂಗ್‌ಗೆ ಸೋಂಕಿದರೆ ಶ್ರಮವೆಲ್ಲ ವ್ಯರ್ಥ. ಬ್ರೇಕು ಹಿಡಿದಿಟ್ಟುಕೊಂಡೇ ಚಕ್ರದ ಅಚ್ಚನ್ನು ಬಿಗಿದರೆ ಶೂಗಳು ನಡುವಿಗೆ ಕೂರುತ್ತವೆ.

ನಮ್ಮ ವಾಚಕರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ವಾಹನವು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದ್ದು, ನೋಂದಣಿಯ ಅವಧಿ ಮುಗಿದು, ಮೂರನೆಯ ವ್ಯಕ್ತಿಯ ವಿಮೆಯೂ ಇಲ್ಲದೆ ಅಪಘಾತವಾದರೆ, ಪರಿಹಾರದ ಭಾರ ಪಾಲುದಾರರ ಸ್ವಂತ ಆಸ್ತಿಯವರೆಗೂ ಬರಬಹುದು. ಸವಕಳಿಯು ಬೆಲೆಯನ್ನು ಇಳಿಸುತ್ತದೆ, ಹೊಣೆಯನ್ನಲ್ಲ. 50 ವರ್ಷ ದಾಟಿದ ವಾಹನಗಳಿಗೆ 2021ರ ಕೇಂದ್ರ ನಿಯಮಗಳಡಿ ವಿಂಟೇಜ್ ನೋಂದಣಿಯ ಅವಕಾಶವಿದೆ; ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ.

ಮಾಲೀಕರು ಅಂದು ರಸ್ತೆಗೆ ಇಳಿಯಲಿಲ್ಲ. ಚಕ್ರಗಳೆರಡೂ ಪಕ್ಕದ ಶೆಡ್ಡಿನ ಲೇತಿಗೆ ಹೋದವು. ಆಯುಧಪೂಜೆಯ ದಿನ ಆ ಯೆಜ್ಡಿ ಹೂಮಾಲೆ ತೊಟ್ಟು ಕಾರ್ಖಾನೆಯ ಆವರಣದಲ್ಲಿ ಎರಡು ಸುತ್ತು ಬಂದು, ಹಿಡಿ ಒತ್ತಿದಲ್ಲಿಯೇ ನಿಂತಿತು.