ಕೊಟ್ಟ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವ ಬಗೆ

ಕೆಲವು ಅಕ್ಷರಗಳನ್ನು ಕೊಟ್ಟು ಇಂಗ್ಲಿಷ್ ಪದ ಹುಡುಕಲು ಹೇಳಿದರೆ ಅದರಲ್ಲಿ ಮೂರು ಬಗೆಯ ಪ್ರಶ್ನೆಗಳಿರಬಹುದು. ಕೊಟ್ಟ ಅಕ್ಷರಗಳನ್ನೆಲ್ಲ ಬಳಸಿ, ಹೊರಗಿನದೊಂದನ್ನೂ ಸೇರಿಸದೆ ಪದ ಕಟ್ಟಬೇಕಾದಾಗ ಅದು ಅನಗ್ರಾಮ್. ಕೊಟ್ಟವುಗಳಲ್ಲಿ ಬೇಕಾದಷ್ಟನ್ನು ಮಾತ್ರ ಆರಿಸಿಕೊಳ್ಳಬಹುದಾದರೆ ಅದು ಸ್ಕ್ರಾಬಲ್ ಆಟದ ಪ್ರಶ್ನೆ. ಕೊಟ್ಟ ಅಕ್ಷರಗಳು ಇರಲೇಬೇಕು, ಅವುಗಳ ಜೊತೆಗೆ ಬೇರೆಯವು ಎಷ್ಟಿದ್ದರೂ ಸರಿ ಎನ್ನುವುದು ಮೂರನೆಯ ಬಗೆ. ಒಂದಕ್ಕೆ ಹೊಂದುವ ಉಪಾಯ ಇನ್ನೊಂದಕ್ಕೆ ಹಾಗೆಯೇ ಹೊಂದುವುದಿಲ್ಲ.

ಅನಗ್ರಾಮ್ ಬಿಡಿಸುವವರು ಮೊದಲು ಮಾಡುವುದು ಅಕ್ಷರಗಳನ್ನು ಹಿಂದೆಮುಂದೆ ಮಾಡಿ ನೋಡುವ ಕೆಲಸ. ಆರು ಬೇರೆ ಬೇರೆ ಅಕ್ಷರಗಳನ್ನು 720 ರೀತಿಯಲ್ಲಿ ಜೋಡಿಸಬಹುದು, ಏಳನ್ನು 5,040 ರೀತಿಯಲ್ಲಿ. ಇವುಗಳಲ್ಲಿ ಅರ್ಥವುಳ್ಳ ಪದಗಳು ಬೆರಳೆಣಿಕೆಯಷ್ಟೇ. ಹೀಗೆ ಒಂದೊಂದನ್ನೇ ಪರೀಕ್ಷಿಸುತ್ತ ಹೋಗುವುದಕ್ಕಿಂತ ನಿಘಂಟನ್ನೇ ಬೇರೆ ರೀತಿಯಲ್ಲಿ ಜೋಡಿಸಿಟ್ಟುಕೊಳ್ಳುವುದು ಜಾಣತನ.

‘ಲಿಸನ್’ ಪದವನ್ನೇ ತೆಗೆದುಕೊಳ್ಳಬಹುದು. ಅದರ ಕಾಗುಣಿತದಲ್ಲಿರುವ ಅಕ್ಷರಗಳು ಎಲ್, ಐ, ಎಸ್, ಟಿ, ಇ, ಎನ್. ಇವನ್ನು ವರ್ಣಮಾಲೆಯ ಕ್ರಮಕ್ಕೆ ತಂದರೆ ಇ, ಐ, ಎಲ್, ಎನ್, ಎಸ್, ಟಿ ಎಂದಾಗುತ್ತದೆ. ‘ಸೈಲೆಂಟ್’ ಪದವನ್ನು ಹೀಗೆಯೇ ಜೋಡಿಸಿದರೂ ಬರುವುದು ಇದೇ ಸಾಲು. ‘ಎನ್‌ಲಿಸ್ಟ್’, ‘ಟಿನ್ಸೆಲ್’, ‘ಇನ್‌ಲೆಟ್ಸ್’ ಪದಗಳದ್ದೂ ಇದೇ. ಬಾಯಲ್ಲಿ ಹೇಳಿದಾಗ ಈ ಐದು ಪದಗಳಿಗೆ ನಂಟೇ ಕಾಣುವುದಿಲ್ಲ. ‘ಲಿಸನ್’ನಲ್ಲಂತೂ ಟಿ ಕಿವಿಗೇ ಬೀಳುವುದಿಲ್ಲ. ಅಕ್ಷರಗಳನ್ನು ಕ್ರಮಕ್ಕೆ ತಂದ ಕೂಡಲೇ ಎಲ್ಲವೂ ಒಂದೇ ವಿಳಾಸಕ್ಕೆ ಬಂದು ಸೇರುತ್ತವೆ. ನಿಘಂಟಿನ ಪ್ರತಿಯೊಂದು ಪದಕ್ಕೂ ಒಮ್ಮೆ ಇಂಥ ವಿಳಾಸ ಬರೆದಿಟ್ಟರೆ, ಮುಂದೆ ಯಾವ ಅಕ್ಷರಗಳನ್ನು ಕೊಟ್ಟರೂ ಅವನ್ನು ಕ್ರಮಕ್ಕೆ ತಂದು ಆ ವಿಳಾಸದಲ್ಲಿ ಯಾರಿದ್ದಾರೆಂದು ನೋಡಿದರಾಯಿತು. 720 ಬಾರಿ ಹುಡುಕುವ ಕಡೆ ಒಂದೇ ಬಾರಿ ಹುಡುಕಿದರೆ ಸಾಕು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ 1986ರಲ್ಲಿ ಹೊರತಂದ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಈ ಉಪಾಯವನ್ನು ವಿವರಿಸಿದ್ದಾರೆ. ಗಣಕಶಾಸ್ತ್ರದ ಅತಿ ಸುಂದರ ಉಪಾಯಗಳಲ್ಲಿ ಇದೊಂದು. ಅರ್ಥ ಮಾಡಿಕೊಳ್ಳಲು ಗಣಕದ ಜ್ಞಾನವೇ ಬೇಕಿಲ್ಲ.

ಸ್ಕ್ರಾಬಲ್‌ನಲ್ಲಿ ಆಟಗಾರನ ಕೈಯಲ್ಲಿ ಏಳು ಬಿಲ್ಲೆಗಳಿರುತ್ತವೆ. ಎರಡರಿಂದ ಏಳು ಅಕ್ಷರಗಳವರೆಗಿನ ಯಾವ ಪದವೂ ಆಗಬಹುದಾದ್ದರಿಂದ, ಅಕ್ಷರಗಳೆಲ್ಲ ಬೇರೆ ಬೇರೆಯಾಗಿದ್ದರೆ ಒಟ್ಟು 13,692 ಜೋಡಣೆಗಳು ಸಾಧ್ಯ. ಆದರೆ ಅಕ್ಷರಗಳ ಗುಂಪುಗಳು ಬರೀ 120. ಅಂದರೆ 120 ವಿಳಾಸಗಳನ್ನು ನೋಡಿದರೆ ಒಂದು ಪದವೂ ತಪ್ಪಿಹೋಗುವುದಿಲ್ಲ. ಯಂತ್ರಕ್ಕೆ ಇದು ಕ್ಷಣದ ಕೆಲಸ. ಮನುಷ್ಯರು ಬೇರೆ ದಾರಿ ಹಿಡಿಯುತ್ತಾರೆ. ಪದದ ಕೊನೆಯಲ್ಲಿ ಒಟ್ಟಾಗಿ ಬರುವ ಐ, ಎನ್, ಜಿ ಅಥವಾ ಇ, ಡಿ ಕೈಯಲ್ಲಿದ್ದರೆ ಅವನ್ನು ಬಲಗಡೆಗೆ ಸರಿಸಿಟ್ಟು ಉಳಿದವುಗಳಲ್ಲಿ ಪದದ ಮೈ ಹುಡುಕುತ್ತಾರೆ. ನುರಿತ ಆಟಗಾರರು ಬಿಲ್ಲೆಗಳನ್ನು ವರ್ಣಮಾಲೆಯ ಕ್ರಮದಲ್ಲೇ ಇಟ್ಟುಕೊಂಡು, ಆ ಸಾಲು ಕಂಡ ಕೂಡಲೇ ಪದ ನೆನಪಾಗುವಂತೆ ಅಭ್ಯಾಸ ಮಾಡುತ್ತಾರೆ. ಎ, ಇ, ಐ, ಎನ್, ಆರ್, ಎಸ್, ಟಿ ಎಂಬ ಸಾಲು ಅವರಿಗೆ ಬಹಳ ಪ್ರಿಯ. ಅದರಲ್ಲಿ ‘ರೀಟೇನ್ಸ್’, ‘ನ್ಯಾಸ್ಟಿಯರ್’, ‘ರೆಟಿನಾಸ್’ ಎಲ್ಲ ಇವೆ. ಏಳೂ ಬಿಲ್ಲೆಗಳನ್ನು ಒಮ್ಮೆಲೇ ಇಳಿಸಿದರೆ 50 ಅಂಕ ಹೆಚ್ಚು ಸಿಗುತ್ತದೆ.

ಮೂರನೆಯ ಬಗೆಯಲ್ಲಿ ಪದದ ಉದ್ದವೇ ಗೊತ್ತಿರುವುದಿಲ್ಲ, ಹಾಗಾಗಿ ಮೇಲಿನ ವಿಳಾಸ ಇಲ್ಲಿ ಕೈಕೊಡುತ್ತದೆ. ಕೈಹಿಡಿಯುವುದು ವಿರಳ ಅಕ್ಷರ. ಎ, ಇ, ಟಿ, ಕ್ಯೂ ಈ ನಾಲ್ಕೂ ಇರುವ ಪದ ಬೇಕಾದರೆ ಇ ಹಿಡಿದು ಹೊರಡಬಾರದು. ಅದು ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಅಕ್ಷರ. ಕ್ಯೂ ಇರುವ ಪದಗಳು ಕಡಿಮೆ. ಅದರ ಹಿಂದೆಯೇ ಬಹುಪಾಲು ಯು ಬರುವುದರಿಂದ ಕೇಳದೆಯೇ ಇನ್ನೊಂದು ಅಕ್ಷರವೂ ಗೊತ್ತಾಗುತ್ತದೆ. ಅಲ್ಲಿಂದ ‘ಈಕ್ವೇಟರ್’, ‘ಆಂಟೀಕ್’, ‘ಅಡಿಕ್ವೆಟ್’, ‘ಕ್ವಾರ್ಟೆಟ್’ ತಲುಪುವುದು ಕಷ್ಟವಲ್ಲ. ಯಾವ ಅಕ್ಷರ ಹೆಚ್ಚು, ಯಾವುದು ಕಡಿಮೆ ಎಂಬ ಲೆಕ್ಕವೇ ಸ್ಕ್ರಾಬಲ್‌ನ ತಳಹದಿ. 1930ರ ದಶಕದಲ್ಲಿ ಅದನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಪತ್ರಿಕೆಗಳಲ್ಲಿ ಬರುವ ಅಕ್ಷರಗಳನ್ನು ಎಣಿಸಿಯೇ ಬಿಲ್ಲೆಗಳನ್ನು ಹಂಚಿದರು. ಇಂಗ್ಲಿಷ್ ಆಟದ 100 ಬಿಲ್ಲೆಗಳಲ್ಲಿ ಇ 12 ಇವೆ, ಒಂದೊಂದಕ್ಕೂ ಒಂದೇ ಅಂಕ. ಕ್ಯೂ ಇರುವುದು ಒಂದೇ, ಅದಕ್ಕೆ 10 ಅಂಕ.

ಗಣಕ ಈ ಹುಡುಕಾಟಕ್ಕೆ ಪ್ರತಿ ಪದಕ್ಕೂ 26 ಮನೆಗಳ ಒಂದು ಸಾಲು ಬರೆದುಕೊಳ್ಳಬಹುದು. ಅಕ್ಷರ ಪದದಲ್ಲಿದ್ದರೆ ಅದರ ಮನೆಯಲ್ಲಿ 1, ಇಲ್ಲದಿದ್ದರೆ 0. ಕೊಟ್ಟ ಅಕ್ಷರಗಳಿಗೂ ಅಂಥದೇ ಸಾಲು. ಕೊಟ್ಟ ಸಾಲಿನಲ್ಲಿ 1 ಇರುವ ಕಡೆಯಲ್ಲೆಲ್ಲ ಪದದ ಸಾಲಿನಲ್ಲೂ 1 ಇದ್ದರೆ ಆ ಪದ ಸಲ್ಲುತ್ತದೆ. ಐದೂ ಸ್ವರಾಕ್ಷರಗಳಿರುವ ಪದ ಬೇಕೆಂದರೆ ‘ಎಜುಕೇಶನ್’, ‘ಸೆಕ್ವೋಯಾ’ ಹೀಗೆ ಹೊರಬರುತ್ತವೆ. ಈ ವಿಧಾನಕ್ಕೆ ಒಂದು ಕೊರತೆಯೂ ಉಂಟು. ಒಂದೇ ಅಕ್ಷರ ಎರಡು ಸಲ ಬೇಕೆಂದು ಕೇಳಿದರೆ ಅದಕ್ಕೆ ತಿಳಿಯದು. ಎರಡು ಟಿ ಬೇಕೆಂದಾಗ ‘ಈಕ್ವೇಟರ್’ ಬಿಟ್ಟು ‘ಕ್ವಾರ್ಟೆಟ್’ ಮಾತ್ರ ಉಳಿಯಬೇಕಾದರೆ ಅಕ್ಷರಗಳನ್ನು ಬೇರೆಯಾಗಿ ಎಣಿಸಲೇಬೇಕು.

ಈ ಲೆಕ್ಕವೆಲ್ಲ ಸಲೀಸಾಗಿ ನಡೆಯುವುದು ಇಂಗ್ಲಿಷಿನಲ್ಲಿ ಪ್ರತಿ ಅಕ್ಷರವೂ ಬಿಡಿಯಾಗಿ ನಿಲ್ಲುವುದರಿಂದ. ಕನ್ನಡದ ಪದಬಂಧದಲ್ಲಿ ‘ಕರ್ನಾಟಕ’ ನಾಲ್ಕು ಮನೆ ಹಿಡಿಯುತ್ತದೆ. ಗಣಕದ ಯೂನಿಕೋಡ್ ಲೆಕ್ಕದಲ್ಲಿ ಅದೇ ಪದ ಏಳು ಸಂಕೇತಗಳಾಗುತ್ತದೆ. ಒತ್ತು, ಕಾಗುಣಿತಗಳನ್ನು ಬಿಡಿಸಬೇಕೋ ಕೂಡಿಸಬೇಕೋ ಎಂಬುದನ್ನು ಮೊದಲು ನಿರ್ಧರಿಸದೆ ಇಲ್ಲಿ ಹುಡುಕಾಟ ಆರಂಭಿಸಲಾಗದು.

ಸಿಗುವ ಉತ್ತರ ಪದಪಟ್ಟಿಯನ್ನೂ ಅವಲಂಬಿಸಿರುತ್ತದೆ. ಉತ್ತರ ಅಮೆರಿಕದ ಸ್ಕ್ರಾಬಲ್ ಪಂದ್ಯಗಳಿಗೆ ಒಂದು ಪಟ್ಟಿ, ಬ್ರಿಟನ್ ಮೊದಲಾದ ಕಡೆ ಕಾಲಿನ್ಸ್ ಪಟ್ಟಿ. ಕಾಲಿನ್ಸ್‌ನಲ್ಲಿ 2,75,000ಕ್ಕೂ ಹೆಚ್ಚು ಪದಗಳಿವೆ. ಕ್ಯೂ, ಐ ಎರಡೇ ಅಕ್ಷರಗಳ ಚೀನೀ ಮೂಲದ ‘ಚೀ’ ಪದವನ್ನು ಎರಡೂ ಪಟ್ಟಿಗಳು ಒಪ್ಪುತ್ತವೆ. ಎಷ್ಟೋ ಚಿಕ್ಕ ನಿಘಂಟುಗಳಲ್ಲಿ ಅದು ಕಾಣುವುದೇ ಇಲ್ಲ.